ವಿದ್ಯಾರ್ಥಿ ಸಾಲದ ಅರ್ಥಶಾಸ್ತ್ರ

ವಿದ್ಯಾರ್ಥಿ ಸಾಲದ ಅರ್ಥಶಾಸ್ತ್ರವು ಉನ್ನತ ಶಿಕ್ಷಣದ ವೆಚ್ಚವನ್ನು ಸಾಲದ ಮೂಲಕ ಭರಿಸುವ ವ್ಯವಸ್ಥೆಯನ್ನೂ, ಆ ಸಾಲವು ಕಲಿಕೆ, ಉದ್ಯೋಗ ಹಾಗೂ ಗೃಹಜೀವನದ ಮೇಲೆ ಬೀರುವ ಪರಿಣಾಮವನ್ನೂ ಪರಿಶೀಲಿಸುವ ಅಧ್ಯಯನ ಕ್ಷೇತ್ರವಾಗಿದೆ. ಸಾರ್ವಜನಿಕ ಹಣಕಾಸು, ಶಿಕ್ಷಣದ ಅರ್ಥಶಾಸ್ತ್ರ ಮತ್ತು ಗ್ರಾಹಕ ಸಾಲದ ಅಧ್ಯಯನ ಎಂಬ ಮೂರು ಶಾಖೆಗಳು ಇಲ್ಲಿ ಕೂಡುತ್ತವೆ. ಈ ಸಂಶೋಧನೆಯ ಬಹುಭಾಗ ನಡೆದಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ ಸುಮಾರು 4.3 ಕೋಟಿ ಜನರು ಒಟ್ಟು 1.6 ಲಕ್ಷ ಕೋಟಿ ಡಾಲರಿಗೂ ಮಿಕ್ಕ ಸಾಲವನ್ನು ಒಕ್ಕೂಟ ಸರ್ಕಾರಕ್ಕೆ ಮರಳಿಸಬೇಕಾಗಿದೆ. ಮೊತ್ತದ ಈ ಅಗಾಧತೆಯೇ ಪತ್ರಿಕೆಗಳ ಗಮನವನ್ನು ಸೆಳೆಯುತ್ತದೆ. ಆದರೆ ಸಂಶೋಧಕರನ್ನು ಹೆಚ್ಚು ಕಾಡಿರುವ ಪ್ರಶ್ನೆ ಬೇರೆ: ಸಾಲ ತೀರಿಸಲಾಗದೆ ಸುಸ್ತಿದಾರರಾಗುವವರು ಯಾರು, ಮತ್ತು ಏಕೆ? ದೊರೆತ ಉತ್ತರವು ಸಾಮಾನ್ಯ ಊಹೆಗೆ ವಿರುದ್ಧವಾಗಿದೆ.

ಸೈದ್ಧಾಂತಿಕ ಹಿನ್ನೆಲೆ

ಮನೆಗಾಗಿ ಸಾಲ ಕೊಟ್ಟ ಬ್ಯಾಂಕಿಗೆ ಮನೆಯೇ ಆಧಾರ. ವಾಹನಕ್ಕಾಗಿ ಕೊಟ್ಟರೆ ವಾಹನವೇ ಆಧಾರ. ಕಂತು ತಪ್ಪಿದರೆ ಅವನ್ನು ಜಪ್ತಿ ಮಾಡಿ ಹರಾಜು ಹಾಕಬಹುದು. ವಿದ್ಯೆಗಾಗಿ ಕೊಟ್ಟ ಸಾಲಕ್ಕೆ ಇಂಥ ಆಧಾರವಿಲ್ಲ. ಕಲಿತವನಿಂದ ಕಲಿಕೆಯನ್ನು ಬೇರ್ಪಡಿಸಿ ಮಾರಲು ಬರುವುದಿಲ್ಲ. ಮನುಷ್ಯನನ್ನೇ ಒತ್ತೆ ಇಟ್ಟುಕೊಳ್ಳುವುದನ್ನು ಯಾವ ನಾಗರಿಕ ಕಾನೂನೂ ಒಪ್ಪುವುದಿಲ್ಲ. ಆದಕಾರಣ ಖಾಸಗಿ ಸಾಲದಾತರು, ಮುಂದೆ ಒಳ್ಳೆಯ ಸಂಪಾದನೆ ಮಾಡಬಲ್ಲ ಬಡ ವಿದ್ಯಾರ್ಥಿಗೂ ಸಾಲ ಕೊಡಲು ಹಿಂಜರಿಯುತ್ತಾರೆ. ಸರ್ಕಾರವು ಈ ವ್ಯವಹಾರಕ್ಕೆ ಇಳಿಯುವುದಕ್ಕೆ ಅರ್ಥಶಾಸ್ತ್ರವು ಕೊಡುವ ಮೂಲ ಕಾರಣ ಇದು.

ಈ ತೊಡಕನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದವರು ಮಿಲ್ಟನ್ ಫ್ರೀಡ್‌ಮನ್. ಶಿಕ್ಷಣದಲ್ಲಿ ಸರ್ಕಾರದ ಪಾತ್ರವನ್ನು ಕುರಿತು 1955ರಲ್ಲಿ ಬರೆದ ಪ್ರಬಂಧದಲ್ಲಿ ಅವರು, ನಿಗದಿತ ಕಂತಿನ ಸಾಲಕ್ಕೆ ಬದಲಾಗಿ ವಿದ್ಯಾರ್ಥಿಯ ಭವಿಷ್ಯದ ಆದಾಯದಲ್ಲಿ ಒಂದು ಪಾಲನ್ನು ಕೊಳ್ಳುವ ಏರ್ಪಾಟನ್ನು ಸೂಚಿಸಿದರು. ಕಂಪನಿಯ ಷೇರನ್ನು ಕೊಂಡವನು ಲಾಭ ನಷ್ಟಗಳೆರಡರಲ್ಲೂ ಭಾಗಿಯಾಗುವಂತೆ, ಇಲ್ಲಿಯೂ ಹಣ ಹೂಡಿದವನು ವಿದ್ಯಾರ್ಥಿಯ ಏಳುಬೀಳುಗಳಲ್ಲಿ ಭಾಗಿಯಾಗುತ್ತಾನೆ ಎಂಬುದು ಅವರ ತರ್ಕ. ಇದರ ಬೆನ್ನಿಗೇ ಥಿಯೊಡೋರ್ ಶುಲ್ಟ್ಜ್ ಮತ್ತು ಗ್ಯಾರಿ ಬೆಕರ್ 1960ರ ದಶಕದಲ್ಲಿ ಮಾನವ ಬಂಡವಾಳದ ಸಿದ್ಧಾಂತವನ್ನು ಬೆಳೆಸಿ, ಶಿಕ್ಷಣದ ಖರ್ಚು ಅನುಭೋಗವಲ್ಲ, ಹೂಡಿಕೆ ಎಂದು ಪ್ರತಿಪಾದಿಸಿದರು. ಮೂವರಿಗೂ ಮುಂದೆ ನೊಬೆಲ್ ಪುರಸ್ಕಾರ ದೊರೆಯಿತು.

ಅಮೆರಿಕದಲ್ಲಿ ಸಾಲ ವ್ಯವಸ್ಥೆಯ ಬೆಳವಣಿಗೆ

ಸೋವಿಯತ್ ಒಕ್ಕೂಟವು 1957ರಲ್ಲಿ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮರುವರ್ಷ, ಅಮೆರಿಕವು ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ತಂದು ವಿದ್ಯಾರ್ಥಿಗಳಿಗೆ ಒಕ್ಕೂಟದ ಸಾಲವನ್ನು ಆರಂಭಿಸಿತು. ವ್ಯಾಪಕವಾದ ವ್ಯವಸ್ಥೆ ರೂಪುಗೊಂಡದ್ದು 1965ರ ಉನ್ನತ ಶಿಕ್ಷಣ ಕಾಯಿದೆಯಿಂದ. ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ಸಹಿ ಹಾಕಿದ್ದು ತಾವು ಓದಿದ ಟೆಕ್ಸಸ್‌ನ ಸ್ಯಾನ್ ಮಾರ್ಕೋಸ್ ಕಾಲೇಜಿನಲ್ಲಿ. ಆರಂಭದಲ್ಲಿ ಬ್ಯಾಂಕುಗಳು ಸಾಲ ಕೊಡುತ್ತಿದ್ದವು, ಸರ್ಕಾರ ಖಾತರಿ ನಿಲ್ಲುತ್ತಿತ್ತು. ಸಾಲ ವಸೂಲಾಗದಿದ್ದರೆ ನಷ್ಟ ಸರ್ಕಾರದ್ದು, ವಸೂಲಾದರೆ ಬಡ್ಡಿ ಬ್ಯಾಂಕಿನದು. ಈ ವಿಚಿತ್ರ ಏರ್ಪಾಟು 2010ರವರೆಗೂ ಉಳಿದುಬಂದಿತು. ಆ ವರ್ಷದ ಜುಲೈಯಿಂದ ಹೊಸ ಒಕ್ಕೂಟ ಸಾಲಗಳನ್ನೆಲ್ಲ ಸರ್ಕಾರವೇ ನೇರವಾಗಿ ನೀಡುತ್ತಿದೆ.

ಇದೇ ಅವಧಿಯಲ್ಲಿ ಸಾಲಗಾರನ ರಕ್ಷಣೆ ಹಂತಹಂತವಾಗಿ ಕುಗ್ಗಿತು. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿನ ಸಾಲವನ್ನೂ ಆಸ್ಪತ್ರೆಯ ಬಾಕಿಯನ್ನೂ ದಿವಾಳಿ ಅರ್ಜಿಯ ಮೂಲಕ ಕಳೆದುಕೊಳ್ಳಬಹುದು. ವಿದ್ಯಾರ್ಥಿ ಸಾಲವನ್ನು ಮೊದಲ ಐದು ವರ್ಷ ಹೀಗೆ ಕಳೆದುಕೊಳ್ಳುವಂತಿಲ್ಲ ಎಂಬ ನಿರ್ಬಂಧ 1976ರಲ್ಲಿ ಬಂದಿತು. 1990ರಲ್ಲಿ ಅದು ಏಳು ವರ್ಷವಾಯಿತು. 1998ರಲ್ಲಿ ಕಾಲಮಿತಿಯೇ ಹೋಗಿ ನಿರ್ಬಂಧ ಶಾಶ್ವತವಾಯಿತು. 2005ರ ಕಾಯಿದೆಯು ಖಾಸಗಿ ವಿದ್ಯಾರ್ಥಿ ಸಾಲಗಳಿಗೂ ಅದನ್ನು ವಿಸ್ತರಿಸಿತು. ಅತೀವ ಸಂಕಷ್ಟವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಿದವರಿಗೆ ಮಾತ್ರ ವಿನಾಯಿತಿ ಉಂಟು. ವೈದ್ಯರೂ ವಕೀಲರೂ ಪದವಿ ಪಡೆದ ಕೂಡಲೇ ದಿವಾಳಿ ಹೇಳಿಕೊಂಡು ಸಾಲದಿಂದ ಪಾರಾಗುತ್ತಾರೆ ಎಂಬ ಭೀತಿ ಈ ನಿರ್ಬಂಧಗಳ ಹಿಂದಿತ್ತು. ಒತ್ತೆ ಇಡಲು ಬಾರದ ವಿದ್ಯೆಗೆ ಬದಲಾಗಿ, ಕಾನೂನು ಸಾಲಗಾರನ ಇಡೀ ಜೀವಮಾನದ ಸಂಪಾದನೆಯನ್ನೇ ಆಧಾರವಾಗಿಸಿತು ಎನ್ನಬಹುದು. ಇದರೊಡನೆ, ಒಕ್ಕೂಟ ಸಾಲದ ಸುಸ್ತಿದಾರರ ವೇತನದಿಂದಲೂ ತೆರಿಗೆ ಮರುಪಾವತಿಯಿಂದಲೂ ನೇರವಾಗಿ ಹಣ ಕಡಿತ ಮಾಡುವ ಅಧಿಕಾರ ಸರ್ಕಾರಕ್ಕಿದೆ.

ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು ಈಕ್ವಿಫ್ಯಾಕ್ಸ್ ಎಂಬ ಸಾಲ ಮಾಹಿತಿ ಸಂಸ್ಥೆಯ ದಾಖಲೆಗಳ ಮಾದರಿಯನ್ನು ಆಧರಿಸಿ, ಜನರ ಸಾಲಗಳ ಕುರಿತು ಮೂರು ತಿಂಗಳಿಗೊಮ್ಮೆ ವರದಿ ಪ್ರಕಟಿಸುತ್ತದೆ. ಅದರಂತೆ 2003ರ ಆರಂಭದಲ್ಲಿ ಸುಮಾರು 24,000 ಕೋಟಿ ಡಾಲರುಗಳಷ್ಟಿದ್ದ ವಿದ್ಯಾರ್ಥಿ ಸಾಲವು 2010ರಲ್ಲಿ ಕ್ರೆಡಿಟ್ ಕಾರ್ಡ್ ಬಾಕಿಯನ್ನು ಮೀರಿಸಿತು. 2008ರ ಆರ್ಥಿಕ ಹಿಂಜರಿತದಲ್ಲಿ ಉಳಿದ ಗ್ರಾಹಕ ಸಾಲಗಳು ಕುಗ್ಗಿದಾಗಲೂ ಇದೊಂದು ಬೆಳೆಯುತ್ತಲೇ ಹೋಯಿತು. ಕೆಲಸ ಕಳೆದುಕೊಂಡವರು ಕಾಲೇಜಿಗೆ ಮರಳಿದ್ದೂ, ರಾಜ್ಯಗಳು ತಮ್ಮ ಸಾರ್ವಜನಿಕ ವಿಶ್ವವಿದ್ಯಾಲಯಗಳ ಅನುದಾನವನ್ನು ಕಡಿತಗೊಳಿಸಿದ್ದರಿಂದ ಶುಲ್ಕ ಏರಿದ್ದೂ ಇದಕ್ಕೆ ಮುಖ್ಯ ಕಾರಣಗಳು.

ಸುಸ್ತಿದಾರರು ಯಾರು?

ಲಕ್ಷ ಡಾಲರ್ ಸಾಲ ಹೊತ್ತು ಉಪಾಹಾರ ಗೃಹದಲ್ಲಿ ಕಾಫಿ ಹಂಚುವ ಪದವೀಧರ, ಪತ್ರಿಕಾ ವರದಿಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಚಿತ್ರ. ದತ್ತಾಂಶವು ಬೇರೆಯದನ್ನು ಹೇಳುತ್ತದೆ. 2009ರಲ್ಲಿ ಓದು ಬಿಟ್ಟ ಅಥವಾ ಮುಗಿಸಿದ ಸಾಲಗಾರರನ್ನು ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು ಹಿಂಬಾಲಿಸಿ ನೋಡಿದಾಗ, 5,000 ಡಾಲರಿಗಿಂತ ಕಡಿಮೆ ಸಾಲವಿದ್ದವರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಸುಸ್ತಿದಾರರಾಗಿದ್ದರು. ಒಂದು ಲಕ್ಷ ಡಾಲರಿಗಿಂತ ಹೆಚ್ಚು ಸಾಲವಿದ್ದವರಲ್ಲಿ ಈ ಪ್ರಮಾಣ ಐದನೆಯ ಒಂದು ಭಾಗವನ್ನೂ ಮುಟ್ಟಲಿಲ್ಲ. ಇದಕ್ಕೆ ಕಾರಣ ಸರಳವಾಗಿದೆ. ದೊಡ್ಡ ಸಾಲ ಮಾಡುವವರು ಬಹುಮಟ್ಟಿಗೆ ವೈದ್ಯಕೀಯ, ಕಾನೂನು ಮೊದಲಾದ ಉನ್ನತ ಪದವಿಗಳನ್ನು ಪಡೆದವರು. ಅವರ ಸಂಪಾದನೆಯೂ ದೊಡ್ಡದು. ಅತಿ ಸಣ್ಣ ಸಾಲವುಳ್ಳವರು ಒಂದೆರಡು ಅವಧಿ ಓದಿ, ಪದವಿ ಕೈಗೆ ಸಿಗುವ ಮುನ್ನವೇ ಕಾಲೇಜು ಬಿಟ್ಟವರು. ಅವರಿಗೆ ಸಾಲ ಉಳಿಯಿತು, ಸಾಲ ತೀರಿಸಬಲ್ಲ ಪದವಿ ದೊರೆಯಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಸೂಸನ್ ಡೈನಾರ್ಸ್ಕಿ ಈ ಅಂಶವನ್ನು ಸಾಮಾನ್ಯ ಓದುಗರಿಗೂ ಮುಟ್ಟಿಸಿದ ಅರ್ಥಶಾಸ್ತ್ರಜ್ಞರಲ್ಲಿ ಪ್ರಮುಖರು.

ಆಡಂ ಲೂನಿ ಮತ್ತು ಕಾನ್‌ಸ್ಟಂಟೈನ್ ಯನೆಲಿಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದ ಮೈಲಿಗಲ್ಲೆನಿಸಿದೆ. ಒಕ್ಕೂಟ ಸಾಲದ ಕಡತಗಳನ್ನು ತೆರಿಗೆ ದಾಖಲೆಗಳೊಡನೆ ಜೋಡಿಸಿ, ಸಾಲಗಾರರು ಓದಿದ ಸಂಸ್ಥೆಯನ್ನೂ ಅವರ ನಂತರದ ಆದಾಯವನ್ನೂ ಅವರು ಒಟ್ಟಿಗೆ ಪರಿಶೀಲಿಸಿದರು. 2000ದ ನಂತರ ಸಾಲಗಾರರ ಸಮುದಾಯದ ಸ್ವರೂಪವೇ ಬದಲಾಗಿತ್ತು. ಲಾಭೋದ್ದೇಶದ ಖಾಸಗಿ ಕಾಲೇಜುಗಳು ಹಾಗೂ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಿಗೆ ಸೇರಿದವರು, ವಯಸ್ಸಿನಲ್ಲಿ ಹಿರಿಯರು, ಬಡ ಕುಟುಂಬಗಳಿಂದ ಬಂದವರು ಹೊಸ ಸಾಲಗಾರರಲ್ಲಿ ಅರ್ಧದಷ್ಟಾಗಿದ್ದರು. ಸುಸ್ತಿದಾರರಲ್ಲಿ ಅವರ ಪಾಲು ಶೇ. 70ರಷ್ಟಿತ್ತು. ವಿದ್ಯಾರ್ಥಿಗಳ ಒಟ್ಟು ಸಾಲ ಅತಿ ಹೆಚ್ಚಿದ್ದ 25 ಸಂಸ್ಥೆಗಳ ಪಟ್ಟಿಯಲ್ಲಿ 2000ದಲ್ಲಿ ಲಾಭೋದ್ದೇಶದ ಸಂಸ್ಥೆ ಒಂದೇ ಒಂದಿತ್ತು. 2014ರ ವೇಳೆಗೆ 13 ಇದ್ದವು. ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಓದಿದ ಸಾಂಪ್ರದಾಯಿಕ ಸಾಲಗಾರರು ಹಿಂಜರಿತದ ಕಾಲದಲ್ಲಿಯೂ ಬಹುತೇಕ ಕಂತು ತಪ್ಪಿಸಲಿಲ್ಲ.

ಜನಾಂಗೀಯ ಅಂತರವೂ ಆಳವಾಗಿದೆ. ಜೂಡಿತ್ ಸ್ಕಾಟ್-ಕ್ಲೇಟನ್ ಮತ್ತು ಜಿಂಗ್ ಲೀ 2016ರಲ್ಲಿ ತೋರಿಸಿದಂತೆ, ಪದವಿ ಪಡೆದ ದಿನ ಕಪ್ಪು ಪದವೀಧರರ ಸರಾಸರಿ ಸಾಲವು ಬಿಳಿಯರದಕ್ಕಿಂತ ಸುಮಾರು 7,400 ಡಾಲರ್ ಹೆಚ್ಚಿರುತ್ತದೆ. ನಾಲ್ಕು ವರ್ಷಗಳಲ್ಲಿ ಈ ಅಂತರ ಸುಮಾರು 25,000 ಡಾಲರಿಗೆ ಬೆಳೆಯುತ್ತದೆ. ಬಡ್ಡಿ ಬೆಳೆಯುವುದು ಮತ್ತು ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಮತ್ತೆ ಸಾಲ ಮಾಡುವುದು ಇದಕ್ಕೆ ಕಾರಣ. ಪದವಿ ಪ್ರದಾನದ ದಿನದ ಅಂಕಿಯನ್ನಷ್ಟೇ ನೋಡುವ ವರದಿಗಳಿಗೆ ಈ ಅಂತರದ ಹೆಚ್ಚಿನ ಭಾಗ ಕಾಣಿಸುವುದೇ ಇಲ್ಲ.

ಸಾಲವು ಶುಲ್ಕವನ್ನು ಏರಿಸುತ್ತದೆಯೇ?

ರೊನಾಲ್ಡ್ ರೇಗನ್ ಸಂಪುಟದಲ್ಲಿ ಶಿಕ್ಷಣ ಕಾರ್ಯದರ್ಶಿಯಾಗಿದ್ದ ವಿಲಿಯಂ ಬೆನೆಟ್ 1987ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ ಲೇಖನದಲ್ಲಿ, ಸರ್ಕಾರದ ನೆರವು ಹೆಚ್ಚಿದಷ್ಟೂ ಕಾಲೇಜುಗಳು ಧೈರ್ಯವಾಗಿ ಶುಲ್ಕ ಏರಿಸುತ್ತವೆ ಎಂದು ಆರೋಪಿಸಿದರು. ಇದು ಬೆನೆಟ್ ಊಹನವೆಂದು ಹೆಸರಾಗಿದೆ. ಇದರ ಬಗೆಗಿನ ಸಾಕ್ಷ್ಯ ಒಂದೇ ದಿಕ್ಕಿನಲ್ಲಿಲ್ಲ. ಡೇವಿಡ್ ಲುಕಾ, ಟೇಲರ್ ನಾಡೌಲ್ಡ್ ಮತ್ತು ಕರೆನ್ ಶೆನ್ ಅವರ 2019ರ ಅಧ್ಯಯನದಂತೆ, ಬಡ್ಡಿ ರಿಯಾಯಿತಿಯ ಸಾಲದ ಮಿತಿ ಒಂದು ಡಾಲರ್ ಏರಿದರೆ ಶುಲ್ಕ ಸುಮಾರು 60 ಸೆಂಟ್ ಏರುತ್ತದೆ. ಸ್ಟೆಫನಿ ಸೆಲ್ಲಿನಿ ಮತ್ತು ಕ್ಲಾಡಿಯಾ ಗೋಲ್ಡಿನ್ 2014ರಲ್ಲಿ ಲಾಭೋದ್ದೇಶದ ಸಂಸ್ಥೆಗಳನ್ನೇ ಪರಸ್ಪರ ಹೋಲಿಸಿದರು. ಒಂದೇ ಬಗೆಯ ತರಬೇತಿಗೆ, ಒಕ್ಕೂಟದ ನೆರವಿಗೆ ಅರ್ಹವಾದ ಸಂಸ್ಥೆಗಳು ಅರ್ಹತೆಯಿಲ್ಲದವುಗಳಿಗಿಂತ ಮುಕ್ಕಾಲು ಪಾಲು ಅಧಿಕ ಶುಲ್ಕ ವಸೂಲು ಮಾಡುತ್ತಿದ್ದವು. ಸಾರ್ವಜನಿಕ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಇಂಥ ಪ್ರಬಲ ಸಾಕ್ಷ್ಯ ದೊರೆತಿಲ್ಲ. ಅಲ್ಲಿ ಶುಲ್ಕವನ್ನು ನಿರ್ಧರಿಸುವುದು ಹೆಚ್ಚಾಗಿ ರಾಜ್ಯದ ಅನುದಾನ.

ವೃತ್ತಿ ಮತ್ತು ಸಂಸಾರದ ಮೇಲೆ ಪರಿಣಾಮ

ಸಾಲವು ಯುವಜನರ ವೃತ್ತಿಯ ಆಯ್ಕೆಯನ್ನು ಬದಲಿಸುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಸುಲಭವಲ್ಲ. ಸಾಲ ಮಾಡುವವರೂ ಮಾಡದವರೂ ಮೊದಲಿನಿಂದಲೇ ಭಿನ್ನ ಹಿನ್ನೆಲೆಯವರು. ಜೆಸ್ಸಿ ರಾತ್‌ಸ್ಟೀನ್ ಮತ್ತು ಸಿಸಿಲಿಯಾ ರೌಸ್ 2011ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಹೆಸರಾಂತ ವಿಶ್ವವಿದ್ಯಾಲಯವೊಂದು 2000ದ ದಶಕದ ಆರಂಭದಲ್ಲಿ ಸಾಲಗಳನ್ನು ತೆಗೆದುಹಾಕಿ ಪೂರ್ತಿ ವಿದ್ಯಾರ್ಥಿವೇತನ ಕೊಡತೊಡಗಿತ್ತು. ಆ ಬದಲಾವಣೆಯ ಹಿಂದಿನ ಮತ್ತು ಮುಂದಿನ ತಂಡಗಳನ್ನು ಹೋಲಿಸಿದಾಗ, ಸಾಲವಿದ್ದವರು ಹೆಚ್ಚು ಸಂಬಳದ ಕೆಲಸಗಳ ಕಡೆಗೆ ವಾಲುವುದೂ, ಶಾಲಾ ಶಿಕ್ಷಣದಂಥ ಸಾರ್ವಜನಿಕ ಸೇವೆಯ ಕೆಲಸಗಳಿಂದ ದೂರ ಸರಿಯುವುದೂ ಕಂಡುಬಂದಿತು. ಸಾಲದ ಹೊರೆಯು ಸಾಲಗಾರನೊಬ್ಬನಿಗೇ ಸೀಮಿತವಲ್ಲ, ಅವನು ಹೋಗಬಹುದಾಗಿದ್ದ ತರಗತಿಯ ಮಕ್ಕಳಿಗೂ ಅದು ತಟ್ಟುತ್ತದೆ ಎಂಬ ಅರ್ಥ ಈ ಫಲಿತಾಂಶದಲ್ಲಿ ಅಡಗಿದೆ.

ಎರಿಕಾ ಫೀಲ್ಡ್ ಅವರ 2009ರ ಪ್ರಬಂಧ ಇನ್ನೂ ಕುತೂಹಲಕರವಾದದ್ದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು ವಿದ್ಯಾರ್ಥಿಗಳನ್ನು ಲಾಟರಿ ಎತ್ತಿ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಶುಲ್ಕ ವಿನಾಯಿತಿ. ಆದರೆ ಮುಂದೆ ಸಾರ್ವಜನಿಕ ಹಿತದ ವಕೀಲಿಕೆ ಮಾಡದಿದ್ದರೆ ಆ ಹಣವನ್ನು ಮರಳಿಸಬೇಕು. ಇನ್ನೊಂದು ಗುಂಪಿಗೆ ಸಾಲ. ಸಾರ್ವಜನಿಕ ಹಿತದ ವಕೀಲಿಕೆ ಮಾಡಿದರೆ ಕಾಲೇಜೇ ಆ ಸಾಲ ತೀರಿಸುತ್ತದೆ. ಲೆಕ್ಕದಲ್ಲಿ ಎರಡೂ ಒಂದೇ. ಆದರೂ ವಿನಾಯಿತಿ ಪಡೆದವರು ಸಾರ್ವಜನಿಕ ಹಿತದ ವೃತ್ತಿಗೆ ಹೋದ ಪ್ರಮಾಣವು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅಧಿಕವಾಗಿತ್ತು. ಸಾಲವೆಂಬ ಹೆಸರೇ ಮನಸ್ಸಿನ ಮೇಲೆ ಭಾರವಾಗಬಲ್ಲದು ಎಂಬುದಕ್ಕೆ ಇದನ್ನು ನಿದರ್ಶನವಾಗಿ ಕೊಡುತ್ತಾರೆ.

ಮನೆ ಕೊಳ್ಳುವಿಕೆಯ ಬಗ್ಗೆ ಆಲ್ವಾರೊ ಮೆಝಾ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಾರ್ವಜನಿಕ ಕಾಲೇಜಿನಲ್ಲಿ ನಾಲ್ಕು ವರ್ಷದ ವ್ಯಾಸಂಗ ಮಾಡಿದವರ ಸಾಲ 1,000 ಡಾಲರ್ ಹೆಚ್ಚಿದರೆ, ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಸ್ವಂತ ಮನೆ ಹೊಂದುವವರ ಪ್ರಮಾಣ ಸುಮಾರು 1.8 ಶೇಕಡಾವಾರು ಅಂಶದಷ್ಟು ಕುಗ್ಗುತ್ತದೆ. ಸಾಲ ಕಳೆದುಹೋದರೆ ಏನಾಗುತ್ತದೆ ಎಂಬುದನ್ನು ಮಾರ್ಕೊ ಡಿ ಮಾಜಿಯೊ, ಅಂಕಿತ್ ಕಾಲ್ಡಾ ಮತ್ತು ವಿನ್ಸೆಂಟ್ ಯಾವೊ ಪರಿಶೀಲಿಸಿದರು. ಕೈಯಿಂದ ಕೈಗೆ ಮಾರಾಟವಾದ ಕೆಲವು ಖಾಸಗಿ ಸಾಲಗಳ ಮೂಲ ಕಾಗದಪತ್ರಗಳನ್ನು ಸಾಲದಾತರು ನ್ಯಾಯಾಲಯಕ್ಕೆ ಹಾಜರುಪಡಿಸಲಾಗದೆ ಅವು ರದ್ದಾಗಿದ್ದವು. ಹೀಗೆ ಅನಿರೀಕ್ಷಿತವಾಗಿ ಮುಕ್ತರಾದವರು ಇತರ ಸಾಲಗಳನ್ನು ಇಳಿಸಿಕೊಂಡರು, ಒಳ್ಳೆಯ ಕೆಲಸವನ್ನು ಹುಡುಕಿ ಬೇರೆ ಊರುಗಳಿಗೆ ಹೋದರು, ಅವರ ಆದಾಯವೂ ಏರಿತು.

ಇಷ್ಟರಿಂದ ಸಾಲವೇ ಕೇಡು ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಬೆಂಜಮಿನ್ ಮಾರ್ಕ್ಸ್ ಮತ್ತು ಲೆಸ್ಲಿ ಟರ್ನರ್ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪ್ರಯೋಗ ನಡೆಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವಿನ ಪತ್ರದಲ್ಲಿ ಕೆಲವರಿಗೆ ಸಾಲದ ಮೊತ್ತವನ್ನು ಸೊನ್ನೆಯೆಂದೂ, ಉಳಿದವರಿಗೆ ಅವರು ಪಡೆಯಬಹುದಾದ ಮೊತ್ತವನ್ನೂ ನಮೂದಿಸಲಾಗಿತ್ತು. ಪಡೆಯುವ ಹಕ್ಕು ಎಲ್ಲರಿಗೂ ಸಮಾನವಾಗಿಯೇ ಇತ್ತು. ಮೊತ್ತವನ್ನು ಕಂಡದ್ದರಿಂದ ಸಾಲ ಪಡೆದವರು ಹೆಚ್ಚು ವಿಷಯಗಳಲ್ಲಿ ತೇರ್ಗಡೆಯಾದರು, ಅವರ ಅಂಕಗಳೂ ಏರಿದವು. ಪುಸ್ತಕಕ್ಕೂ ಬಸ್ಸಿಗೂ ಹಣವಿಲ್ಲದೆ ಹೆಚ್ಚು ಹೊತ್ತು ದುಡಿಯಬೇಕಾದವರಿಗೆ, ಸಾಲ ಮಾಡದಿರುವುದೇ ಓದು ಅರ್ಧಕ್ಕೆ ನಿಲ್ಲಲು ಕಾರಣವಾಗಬಹುದು.

ಆದಾಯಾಧಾರಿತ ಮರುಪಾವತಿ

ಅಮೆರಿಕದ ಸಾಮಾನ್ಯ ಒಕ್ಕೂಟ ಸಾಲವನ್ನು ಹತ್ತು ವರ್ಷಗಳ ಸಮಾನ ಕಂತುಗಳಲ್ಲಿ ತೀರಿಸಬೇಕಾಗಿತ್ತು. ಸಂಪಾದನೆ ಅತಿ ಕಡಿಮೆಯಿರುವ ವೃತ್ತಿಜೀವನದ ಮೊದಲ ವರ್ಷಗಳಲ್ಲೇ ಕಂತಿನ ಭಾರ ಅತಿ ಹೆಚ್ಚಾಗಿ ತೋರುವುದು ಈ ಪದ್ಧತಿಯ ಮೂಲದೋಷ. ಆದಾಯಕ್ಕೆ ತಕ್ಕಂತೆ ಕಂತು ಏರಿಳಿಯುವ ಪದ್ಧತಿ ಇದಕ್ಕೆ ಪರ್ಯಾಯ.

ಯೇಲ್ ವಿಶ್ವವಿದ್ಯಾಲಯವು 1971ರಲ್ಲಿ ಜೇಮ್ಸ್ ಟೋಬಿನ್ ಅವರ ಚಿಂತನೆಯಿಂದ ಪ್ರೇರಿತವಾಗಿ ಇಂಥ ಯೋಜನೆಯೊಂದನ್ನು ಜಾರಿಗೆ ತಂದಿತು. ಪಡೆದ ಪ್ರತಿ 1,000 ಡಾಲರಿಗೆ ಆದಾಯದ ಶೇ. 0.4ರಷ್ಟನ್ನು, ತಮ್ಮ ತಂಡದ ಒಟ್ಟು ಸಾಲ ತೀರುವವರೆಗೆ ಅಥವಾ 35 ವರ್ಷ ತುಂಬುವವರೆಗೆ ಕಟ್ಟುತ್ತಿರಬೇಕಿತ್ತು. ಹೆಚ್ಚು ಗಳಿಸುವ ಭರವಸೆಯುಳ್ಳವರು ಒಂದೇ ಸಲ ಹಣ ಕೊಟ್ಟು ಹೊರಬಿದ್ದರು. ಕೆಲವರು ಕಟ್ಟುವುದನ್ನೇ ನಿಲ್ಲಿಸಿದರು. ಪ್ರಾಮಾಣಿಕವಾಗಿ ಉಳಿದವರ ಮೇಲೆ ಎಲ್ಲರ ಹೊರೆ ಬಿದ್ದಿತು. ಯೇಲ್ 1978ರ ನಂತರ ಹೊಸಬರನ್ನು ಸೇರಿಸಿಕೊಳ್ಳಲಿಲ್ಲ, ಕೊನೆಗೆ ಉಳಿದ ಬಾಕಿಯನ್ನು ಕೈಬಿಟ್ಟಿತು. ಫ್ರೀಡ್‌ಮನ್ ಬಯಸಿದ ಖಾಸಗಿ ಮಾರುಕಟ್ಟೆ ಏಕೆ ಬೆಳೆಯಲಿಲ್ಲ ಎಂಬುದನ್ನು ಡೇನಿಯಲ್ ಹರ್ಬ್ಸ್ಟ್ ಮತ್ತು ನಥಾನಿಯಲ್ ಹೆಂಡ್ರೆನ್ 2024ರಲ್ಲಿ ಇದೇ ಜಾಡಿನಲ್ಲಿ ವಿವರಿಸಿದ್ದಾರೆ: ತನ್ನ ಭವಿಷ್ಯ ಹೇಗಿದ್ದೀತೆಂದು ಹಣ ಹೂಡುವವನಿಗಿಂತ ವಿದ್ಯಾರ್ಥಿಗೇ ಹೆಚ್ಚು ಗೊತ್ತಿರುವುದರಿಂದ, ಪಾಲು ಮಾರಲು ಮುಂದೆ ಬರುವವರು ಕಡಿಮೆ ಗಳಿಸುವ ನಿರೀಕ್ಷೆಯುಳ್ಳವರೇ ಆಗಿರುತ್ತಾರೆ.

ಸರ್ಕಾರವೇ ನಡೆಸಿದಾಗ ಈ ಪದ್ಧತಿ ನೆಲೆಗೊಂಡಿತು. ಆಸ್ಟ್ರೇಲಿಯವು 1974ರಲ್ಲಿ ರದ್ದುಪಡಿಸಿದ್ದ ವಿಶ್ವವಿದ್ಯಾಲಯ ಶುಲ್ಕವನ್ನು 1989ರಲ್ಲಿ ಬೇರೆ ರೂಪದಲ್ಲಿ ಮತ್ತೆ ತಂದಿತು. ಇದನ್ನು ರೂಪಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ಪ್ರಮುಖರು. ವರ್ಷಕ್ಕೆ 1,800 ಆಸ್ಟ್ರೇಲಿಯನ್ ಡಾಲರ್ ನಿಗದಿಯಾಯಿತು, ಓದುವಾಗ ಕಟ್ಟಬೇಕಿಲ್ಲ, ಆದಾಯವು ಗೊತ್ತಾದ ಮಿತಿ ದಾಟಿದ ಮೇಲೆ ತೆರಿಗೆಯ ಜೊತೆಗೇ ಕಡಿತವಾಗುತ್ತದೆ. ಬೆಲೆಯೇರಿಕೆಗೆ ತಕ್ಕಂತೆ ಬಾಕಿ ಹೆಚ್ಚುತ್ತದೆಯೇ ಹೊರತು ಅದರ ಮೇಲೆ ನೈಜ ಬಡ್ಡಿಯಿಲ್ಲ. ಕೆಲಸ ಹೋದರೆ ಕಡಿತ ತಾನಾಗಿ ನಿಲ್ಲುವುದರಿಂದ, ಅಮೆರಿಕದ ಅರ್ಥದಲ್ಲಿ ಸುಸ್ತಿದಾರನಾಗುವ ಪ್ರಮೇಯವೇ ಅಲ್ಲಿ ವಿರಳ.

ಅಮೆರಿಕದಲ್ಲಿಯೂ ಇಂಥ ಹಲವು ಯೋಜನೆಗಳಿವೆ. ಆದರೆ ಸಾಲಗಾರನೇ ಅರ್ಜಿ ಹಾಕಿ ಸೇರಿ, ಆದಾಯದ ದಾಖಲೆಯನ್ನು ವರ್ಷವರ್ಷವೂ ಒದಗಿಸಬೇಕಾಗಿ ಬಂದಿತು. ಹೋಲ್ಗರ್ ಮ್ಯುಲರ್ ಮತ್ತು ಯನೆಲಿಸ್ ನಡೆಸಿದ ಪ್ರಯೋಗದಲ್ಲಿ, ವಿವರಗಳನ್ನು ಮೊದಲೇ ತುಂಬಿ ಸಹಿಯೊಂದನ್ನೇ ಬಾಕಿ ಉಳಿಸಿ ಅರ್ಜಿ ಕಳಿಸಿದಾಗ, ಸೇರಿದವರ ಪ್ರಮಾಣ 34 ಶೇಕಡಾವಾರು ಅಂಶಗಳಷ್ಟು ಏರಿತು. ನಮೂನೆ ತುಂಬುವ ತೊಡಕಿನಿಂದಲೇ ಅಷ್ಟು ಜನ ಹೊರಗುಳಿದಿದ್ದರು. ಸೇರಿದವರಲ್ಲಿ ಕಂತು ತಪ್ಪುವುದು ಗಣನೀಯವಾಗಿ ಕಡಿಮೆಯಾಗುತ್ತದೆಂದು ಹರ್ಬ್ಸ್ಟ್ ಅವರ ಇನ್ನೊಂದು ಅಧ್ಯಯನ ತೋರಿಸಿದೆ.

ಕಂತು ವಿರಾಮ ಮತ್ತು ಸಾಲಮನ್ನಾ ವಿವಾದ

ಕೋವಿಡ್ ಸಾಂಕ್ರಾಮಿಕದ ಕಾರಣ 2020ರ ಮಾರ್ಚಿಯಿಂದ ಒಕ್ಕೂಟ ಸಾಲಗಳ ಕಂತು ಮತ್ತು ಬಡ್ಡಿಯನ್ನು ನಿಲ್ಲಿಸಲಾಯಿತು. ಮೂರು ವರ್ಷಕ್ಕೂ ಮೀರಿದ ವಿರಾಮ 2023ರ ಶರತ್ಕಾಲದಲ್ಲಿ ಕೊನೆಗೊಂಡಿತು. ಹಳೆಯ ಖಾತರಿ ಸಾಲಗಳಲ್ಲಿ ಖಾಸಗಿ ಸಂಸ್ಥೆಗಳ ಕೈಯಲ್ಲಿದ್ದವಕ್ಕೆ ವಿರಾಮ ದೊರೆಯದಿದ್ದುದರಿಂದ ಹೋಲಿಕೆಗೆ ಅವಕಾಶವಾಯಿತು. ಮೈಕೇಲ್ ಡೈನರ್‌ಸ್ಟೀನ್, ಯನೆಲಿಸ್ ಮತ್ತು ಚಿಂಗ್-ತ್ಸೆ ಚೆನ್ ಕಂಡಂತೆ, ವಿರಾಮ ಪಡೆದವರು ಉಳಿದ ಹಣದಿಂದ ಹಳೆಯ ಸಾಲ ತೀರಿಸಲಿಲ್ಲ. ಮನೆ, ವಾಹನ, ಕ್ರೆಡಿಟ್ ಕಾರ್ಡುಗಳಲ್ಲಿ ಹೊಸ ಸಾಲ ಮಾಡಿದರು.

ಅಧ್ಯಕ್ಷ ಜೋ ಬೈಡನ್ 2022ರ ಆಗಸ್ಟಿನಲ್ಲಿ, ಆದಾಯ ಮಿತಿಯೊಳಗಿನ ಸಾಲಗಾರರಿಗೆ 10,000 ಡಾಲರ್, ಬಡ ವಿದ್ಯಾರ್ಥಿಗಳಿಗಾಗಿ ಇರುವ ಪೆಲ್ ಅನುದಾನ ಪಡೆದಿದ್ದವರಿಗೆ 20,000 ಡಾಲರ್ ವರೆಗೆ ಮನ್ನಾ ಘೋಷಿಸಿದರು. ಸರ್ವೋಚ್ಚ ನ್ಯಾಯಾಲಯವು 2023ರ ಜೂನ್ 30ರಂದು ಆ ಯೋಜನೆಯನ್ನು ರದ್ದುಗೊಳಿಸಿತು. ಸಿಲ್ವೆನ್ ಕ್ಯಾಥರೀನ್ ಮತ್ತು ಯನೆಲಿಸ್ ಅವರ ಲೆಕ್ಕದಂತೆ, ಎಲ್ಲರಿಗೂ ಅನ್ವಯಿಸುವ ಮನ್ನಾದ ಲಾಭ ಹೆಚ್ಚಾಗಿ ಮೇಲ್ವರ್ಗದ ಆದಾಯದವರಿಗೆ ಸಲ್ಲುತ್ತದೆ. ಆದಾಯಾಧಾರಿತ ಯೋಜನೆಯ ವಿಸ್ತರಣೆ ಕೆಳ ಮತ್ತು ಮಧ್ಯಮ ಆದಾಯದವರನ್ನು ಹೆಚ್ಚು ತಲುಪುತ್ತದೆ. ಜನಾಂಗೀಯ ಸಂಪತ್ತಿನ ಅಂತರಕ್ಕೆ ಒತ್ತು ಕೊಡುವವರು, ಆದಾಯವೊಂದನ್ನೇ ಅಳತೆಗೋಲಾಗಿಸಿಕೊಂಡ ಈ ಲೆಕ್ಕವನ್ನು ಒಪ್ಪುವುದಿಲ್ಲ.

ಭಾರತದೊಂದಿಗೆ ಸಂಬಂಧ

ಭಾರತದ ಶಿಕ್ಷಣ ಸಾಲವು 2001ರ ಮಾದರಿ ಯೋಜನೆಯಿಂದ ವ್ಯಾಪಕವಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಕೆನರಾ ಬ್ಯಾಂಕಿನ ಅಂದಿನ ಮುಖ್ಯಸ್ಥರ ನೇತೃತ್ವದ ಅಧ್ಯಯನ ತಂಡದ ವರದಿಯನ್ನು ಆಧರಿಸಿ, ಭಾರತೀಯ ಬ್ಯಾಂಕುಗಳ ಸಂಘ ಅದನ್ನು ರೂಪಿಸಿತು. ಅದರಲ್ಲಿ 4 ಲಕ್ಷ ರೂಪಾಯಿವರೆಗೆ ಆಧಾರ ಬೇಕಿಲ್ಲ, ಅಲ್ಲಿಂದ 7.5 ಲಕ್ಷದವರೆಗೆ ಮೂರನೆಯವರ ಜಾಮೀನು, ಅದಕ್ಕೂ ಮೇಲ್ಪಟ್ಟರೆ ಆಸ್ತಿಯ ಆಧಾರ ಎಂಬ ನಿಯಮ ರೂಢಿಗೆ ಬಂದಿತು. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕುತ್ತಾರೆ. ಹೀಗಾಗಿ ಇಲ್ಲಿ ಸಾಲ ಬೀಳುವುದು ವಿದ್ಯಾರ್ಥಿಯ ಭವಿಷ್ಯದ ಆದಾಯದ ಮೇಲೆ ಮಾತ್ರವಲ್ಲ, ಇಡೀ ಮನೆಯ ಮೇಲೆ. ಕೇಂದ್ರ ಸಂಪುಟವು 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು, ಆಯ್ದ ಉನ್ನತ ಶ್ರೇಣಿಯ ಸಂಸ್ಥೆಗಳಿಗೆ ಪ್ರವೇಶ ಪಡೆದವರಿಗೆ ಆಧಾರ, ಜಾಮೀನುಗಳಿಲ್ಲದ ಸಾಲವನ್ನು ಒದಗಿಸುತ್ತದೆ.

ಅಮೆರಿಕದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳ ಪೈಕಿ 2023-24ರಲ್ಲಿ ಭಾರತೀಯರೇ ಅತಿ ಹೆಚ್ಚು. ಅವರ ಸಂಖ್ಯೆ 3.3 ಲಕ್ಷ ದಾಟಿತ್ತು. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಅಲ್ಲಿನ ಒಕ್ಕೂಟ ಸಾಲವಾಗಲಿ ಆದಾಯಾಧಾರಿತ ಮರುಪಾವತಿಯಾಗಲಿ ಲಭ್ಯವಿಲ್ಲ. ಅವರಲ್ಲಿ ಅನೇಕರು ಊರಿನ ಮನೆ ನಿವೇಶನಗಳ ಪತ್ರವನ್ನು ಭಾರತೀಯ ಬ್ಯಾಂಕಿನಲ್ಲಿಟ್ಟು ಸಾಲ ಪಡೆಯುತ್ತಾರೆ. ವ್ಯಾಸಂಗ ಮುಗಿದು ಗೊತ್ತಾದ ಬಿಡುವಿನ ಅವಧಿ ಕಳೆದ ಮೇಲೆ, ಕೆಲಸ ಸಿಕ್ಕಿರಲಿ ಇಲ್ಲದಿರಲಿ, ಕಂತು ಆರಂಭವಾಗುತ್ತದೆ.